ಬಾಗಿಲಿನ ಯಾವ ಕಡೆ

ನನ್ನ ತಮ್ಮ ಒಂದು ಸಿನಿಮಾ ಮಾಡಿದ್ದಾನೆ. ಸ್ವತಂತ್ರ ಸಿನಿಮಾ. ಸ್ವತಂತ್ರ ಅಂದರೇನು ಅಂತ ಕೇಳಿದವರಿಗೆಲ್ಲ ಅವನು ಗಂಟೆಗಟ್ಟಲೆ ವಿವರಿಸುತ್ತಾನೆ. ನನಗೆ ಅರ್ಥವಾದದ್ದು ಇಷ್ಟು: ಯಾರ ಹಂಗೂ ಇಲ್ಲದೆ ಮಾಡುವುದು, ಅಕ್ಕನೊಬ್ಬಳನ್ನು ಬಿಟ್ಟು. ಅಕ್ಕನ ಮನೆಯ ಸೋಫಾ ಚಿತ್ರದಲ್ಲಿದೆ, ಅಕ್ಕನ ಕಾರಿದೆ, ಅಕ್ಕನ ಹಳದಿ ಪರದೆ ಮೂರು ದೃಶ್ಯಗಳಲ್ಲಿ ಗಾಳಿಗೆ ಹಾರಾಡಿ ನಟಿಸಿದೆ. ಕೊನೆಗೆ ಅಕ್ಕನ ಕೈಕಾಲೂ ಬೇಕಾದವು, ಯಾಕೆಂದರೆ ಚಿತ್ರಗಳಿಗೆ ಸದ್ದು ಹಾಕುವುದೇ ನನ್ನ ಕಸುಬು.

ನಾಯಕಿ ಒಣಗಿದ ಎಲೆಗಳ ಮೇಲೆ ನಡೆದು ಹೋಗುವಾಗ ನಿಮಗೆ ಸರಸರ ಅಂತ ಕೇಳಿಸುತ್ತದಲ್ಲ, ಅದು ಅವಳ ಪಾದವಲ್ಲ ಸ್ವಾಮಿ, ನನ್ನದು. ಚಿತ್ರೀಕರಣದಲ್ಲಿ ಮಾತು ಮಾತ್ರ ನೆಟ್ಟಗೆ ಸಿಗುತ್ತದೆ. ಮಿಕ್ಕ ಸದ್ದನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ, ತೆರೆ ನೋಡುತ್ತಾ, ಮೈಕಿನ ಮುಂದೆ ಮಾಡಬೇಕು. ಹಳೆಯ ಕ್ಯಾಸೆಟ್ಟಿನ ಟೇಪು ರಾಶಿ ಹಾಕಿ ತುಳಿದರೆ ಹುಲ್ಲು, ಒದ್ದೆ ಟವೆಲನ್ನು ಕಲ್ಲಿಗೆ ಬಡಿದರೆ ಹೊಡೆದಾಟ. ಮುತ್ತಿನ ಸದ್ದು ಬೇಕಾದರೆ ನನ್ನ ಮುಂಗೈಗೆ ನಾನೇ ಮುತ್ತಿಡುತ್ತೇನೆ. ಹನ್ನೊಂದು ವರ್ಷದಿಂದ ಎಷ್ಟೋ ನಾಯಕರು ಎಷ್ಟೋ ನಾಯಕಿಯರಿಗೆ ಕೊಟ್ಟ ಮುತ್ತುಗಳೆಲ್ಲ ಈ ಮುಂಗೈ ಮೇಲೆಯೇ ಬಿದ್ದಿವೆ. ಕೈಗೆ ಇಷ್ಟೊಂದು ಪ್ರೀತಿ ಸಿಕ್ಕಿದೆ, ಕೈಯ ಒಡತಿಯನ್ನು ಮಾತ್ರ ಯಾರೂ ಕೇಳಿಲ್ಲ.

ಇನ್ನು ತಮ್ಮನ ಚಿತ್ರದ ಕಥೆ. ಒಬ್ಬ ಹುಡುಗ. ಅವನು ಆರು ವರ್ಷದವನಿದ್ದಾಗ ಅವನಪ್ಪ ಅವನನ್ನು ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯಲ್ಲಿ ಕೂಡಿಹಾಕಿ, ಹೊರಗೆ ಹೋಗಿ, ಮರೆತೇಬಿಡುತ್ತಾನೆ. ದೊಡ್ಡವನಾದ ಮೇಲೂ ಹುಡುಗ ಮುಚ್ಚಿದ ಕೋಣೆ ಕಂಡರೆ ಬೆವರುತ್ತಾನೆ. ಲಿಫ್ಟ್ ಹತ್ತುವುದಿಲ್ಲ, ಏಳನೇ ಮಹಡಿಯ ಆಫೀಸಿಗೂ ಮೆಟ್ಟಿಲು ಹತ್ತಿಯೇ ಹೋಗುತ್ತಾನೆ. ಅಲ್ಲೊಬ್ಬಳು ಹುಡುಗಿ. ಅವಳೂ ಮೆಟ್ಟಿಲು ಹತ್ತುತ್ತಾಳೆ. ಯಾಕೆ ಅಂತ ಚಿತ್ರ ಹೇಳುವುದಿಲ್ಲ, ತೂಕ ಇಳಿಸೋಕಿರಬೇಕು ಅಂತ ನನ್ನ ಊಹೆ. ಇಬ್ಬರೂ ಮೂರನೇ ಮಹಡಿಯಲ್ಲಿ ಏದುಸಿರು ಬಿಡುತ್ತಾ ಪ್ರೀತಿಯಲ್ಲಿ ಬೀಳುತ್ತಾರೆ. ಆಮೇಲೆ ಒಂದು ಗಂಟೆ ಹೊತ್ತು ಒಬ್ಬರನ್ನೊಬ್ಬರು ನೋಡುತ್ತಾರೆ, ಕಿಟಕಿ ನೋಡುತ್ತಾರೆ, ನೀರಿನ ಲೋಟ ನೋಡುತ್ತಾರೆ, ನನ್ನ ಪರದೆ ನೋಡುತ್ತಾರೆ. ಅವನು ತನ್ನ ಗಾಯದ ಕಥೆ ಹೇಳುತ್ತಾನೆ. ಅವಳು ಕೈಹಿಡಿದು ಅವನನ್ನು ಲಿಫ್ಟಿನೊಳಗೆ ಕರೆದುಕೊಂಡು ಹೋಗುತ್ತಾಳೆ, ಬಾಗಿಲು ಮುಚ್ಚುತ್ತದೆ, ಅವನು ಅಳುತ್ತಾನೆ, ಏಳನೇ ಮಹಡಿ ಬರುವಷ್ಟರಲ್ಲಿ ವಾಸಿಯಾಗುತ್ತಾನೆ. ಡಾಕ್ಟರುಗಳೆಲ್ಲ ಅಂಗಡಿ ಮುಚ್ಚಿಕೊಂಡು ಮನೆಗೆ ಹೋಗಬಹುದು.

'ನನ್ನದೇ ಬದುಕಿನ ಕಥೆ' ಅಂತ ಮೊದಲ ಚೌಕಟ್ಟಿನಲ್ಲೇ ಅಕ್ಷರ ಮೂಡುತ್ತದೆ.

ಎಲ್ಲ ಸರಿ. ಆದರೆ ಆ ಕೋಣೆಯಲ್ಲಿ ಕೂತವಳು ನಾನು.

ಆಗ ನನಗೆ ಒಂಬತ್ತು, ಅವನಿಗೆ ಆರು. ಮನೆಗೆ ಬಂದಿದ್ದವರ ಎದುರು ಅಪ್ಪ ಏನೋ ಬಡಾಯಿ ಕೊಚ್ಚಿದ್ದ. ನಾನು "ಹಾಗಲ್ಲಪ್ಪ, ಅದು ಸುಳ್ಳು" ಅಂದೆ. ಬಂದವರು ನಕ್ಕರು. ಅವರು ಗೇಟು ದಾಟಿದ್ದೇ ತಡ, ಅಪ್ಪ ನನ್ನ ರಟ್ಟೆ ಹಿಡಿದು ಆ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ. ಅರ್ಧ ಗಂಟೆ ಅಂದಿದ್ದ. ಆಮೇಲೆ ಯಾರೋ ಗೆಳೆಯ ಕರೆದ ಅಂತ ಹೊರಟುಹೋದ, ಮರೆತ. ಅಮ್ಮ ಕೆಲಸದಿಂದ ಬಂದು ತೆಗೆಯುವಷ್ಟರಲ್ಲಿ ಸಂಜೆ. ಪೇಂಟ್ ಡಬ್ಬಗಳು, ಕಾಲು ಮುರಿದ ಕುರ್ಚಿ, ಹಳೆಯ ಪೇಪರಿನ ಕಟ್ಟು, ಇವೆಲ್ಲ ತಮ್ಮನ ಚಿತ್ರದಲ್ಲಿ ಇದ್ದ ಹಾಗೇ ಇವೆ. ನಾನೊಬ್ಬಳು ಮಾತ್ರ ಇಲ್ಲ. ಚಿತ್ರದಲ್ಲಿ ಹುಡುಗನಿಗೆ ಅಕ್ಕನೇ ಇಲ್ಲ, ಒಬ್ಬನೇ ಮಗ.

ಚಿಕ್ಕಂದಿನಿಂದ ಅವನು ನನ್ನ ಸ್ವೆಟರ್ ಹಾಕಿಕೊಂಡು ಹೋಗಿದ್ದಾನೆ, ನನ್ನ ಸೈಕಲ್ ತುಳಿದು ಹಾಳು ಮಾಡಿದ್ದಾನೆ, ನನ್ನ ಪ್ರಬಂಧ ನಕಲು ಹೊಡೆದು ನನಗಿಂತ ಜಾಸ್ತಿ ಅಂಕ ತೆಗೆದಿದ್ದಾನೆ. ಹೋಗಲಿ ಅಂತ ಬಿಟ್ಟಿದ್ದೆ. ನನ್ನ ಕತ್ತಲೆಯನ್ನೂ ಎತ್ತಿಕೊಂಡು ಹೋಗುತ್ತಾನೆ ಅಂತ ಎಣಿಸಿರಲಿಲ್ಲ.

ಅಪ್ಪ ಈಗಿಲ್ಲ, ಹಾಗಾಗಿ ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮ, ಮೆಟ್ಟಿಲ ಕೆಳಗಿನ ಕೋಣೇಲಿ ಅಪ್ಪ ಕೂಡಿಹಾಕಿದ್ದು ಯಾರನ್ನ?"

"ನಿಮ್ಮಿಬ್ಬರಲ್ಲಿ ಯಾರನ್ನೋ. ಯಾಕೆ ಈಗ?"

"ಯಾರನ್ನೋ ಅಂದ್ರೆ? ನಮಗಿಬ್ಬರಿಗೂ ಬೇರೆ ಬೇರೆ ಮುಖ ಇದೆಯಲ್ಲಮ್ಮ."

"ಹಳೇದನ್ನೆಲ್ಲ ಯಾಕೆ ಕೆದಕ್ತೀಯೇ? ಪಾಪ, ಅವನು ಅಷ್ಟು ಕಷ್ಟಪಟ್ಟು ಸಿನಿಮಾ ಮಾಡಿದ್ದಾನೆ. ನೀನು ದೊಡ್ಡವಳು, ನೀನೇ ಸುಧಾರಿಸ್ಕೋಬೇಕು."

ಇಪ್ಪತ್ತು ವರ್ಷದ ಹಿಂದೆ ಪಕ್ಕದ ಮನೆಯವಳು ತನ್ನ ಸೀರೆ ಬಗ್ಗೆ ಆಡಿದ ಮಾತನ್ನು ಅಕ್ಷರ ಬಿಡದೆ ಒಪ್ಪಿಸುವ ನನ್ನ ತಾಯಿಗೆ, ತಾನೇ ಚಿಲಕ ತೆಗೆದಾಗ ಒಳಗಿದ್ದದ್ದು ಯಾರು ಅನ್ನುವುದು ಮರೆತುಹೋಗಿದೆ. ದೊಡ್ಡವಳಾಗಿ ಹುಟ್ಟಿದ್ದು ನನ್ನ ತಪ್ಪು.

ತಮ್ಮನನ್ನು ನೇರವಾಗಿ ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ನಡುವೆ ಕಥೆಗಾರ್ತಿ ಇದ್ದಳು. ಚಿತ್ರಕಥೆ ಬರೆದವಳು ಅವಳೇ, ನನ್ನ ತಮ್ಮ ಮದುವೆಯಾಗಬೇಕು ಅಂತಿರುವವಳೂ ಅವಳೇ. ಇಪ್ಪತ್ತೈದು ವರ್ಷದ ಹುಡುಗಿ, ದೊಡ್ಡ ಕನ್ನಡಕ, ಎಲ್ಲದಕ್ಕೂ ನೋಟ್‌ಬುಕ್ ತೆಗೆಯುತ್ತಾಳೆ. ಮೊದಲ ದಿನ ಸ್ಟುಡಿಯೋಗೆ ಬಂದಾಗ ನನ್ನ ಪಕ್ಕ ಕೂತು ಪಿಸುಗುಟ್ಟಿದಳು.

"ಅಕ್ಕ, ಎರಡನೇ ಸಲ ಸಿಕ್ಕಾಗಲೇ ಇವನು ಆ ಕೋಣೆ ವಿಷಯ ಹೇಳ್ದ. ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತ. ಅವತ್ತೇ ನಾನು ಬಿದ್ದುಹೋದೆ."

"ಪೆಟ್ಟಾಗಲಿಲ್ಲ ತಾನೇ?" ಅಂದೆ.

ಅವಳು ಬಾಯ್ತುಂಬ ನಕ್ಕಳು. ಒಳ್ಳೆಯ ಹುಡುಗಿ, ಅದೇ ನನ್ನ ಗ್ರಹಚಾರ. ಸ್ವಲ್ಪ ಸೊಕ್ಕಿನವಳಾಗಿದ್ದರೆ ಅಲ್ಲೇ ಎಲ್ಲ ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ.

ನನಗೆ ಬೇಕಾಗಿದ್ದದ್ದು ಒಂದೇ. ಚಿತ್ರದ ಕೊನೆಯಲ್ಲಿ ನನ್ನ ಹೆಸರನ್ನು ಹಾಕುತ್ತಾರೆ, ಇರುವೆ ಗಾತ್ರದ ಅಕ್ಷರದಲ್ಲಿ, ಅದು ಗೊತ್ತು. ನನಗೆ ಬೇಕಾಗಿದ್ದದ್ದು ಅವನ ಬಾಯಿಂದ 'ಅಕ್ಕ, ಅದು ನೀನು' ಅನ್ನುವ ಮಾತು. ಹೇಳಿಸಿದರೆ ಅವನ ಸಿನಿಮಾ ಕೆಡುತ್ತದೆ, ಈ ಹುಡುಗಿಯೂ ಹೊರಟುಹೋಗಬಹುದು. ಹೇಳಿಸದಿದ್ದರೆ ಆ ದಿನ ನನ್ನ ಬದುಕಿನಲ್ಲಿ ನಡೆದೇ ಇಲ್ಲ ಅಂತ ಲೆಕ್ಕ. ಎರಡು ದಿನ ಹೆಜ್ಜೆ ಸದ್ದು, ಲೋಟದ ಸದ್ದು, ಪರದೆಯ ಸದ್ದು ಹಾಕುತ್ತಾ ಇದನ್ನೇ ತಿರುವಿಹಾಕಿದೆ. ಲಿಫ್ಟಿನೊಳಗಿನ ಮುತ್ತಿಗೆ ಮುಂಗೈ ಕೊಟ್ಟೆ. ಮೂರನೇ ದಿನ ಬೆಳಿಗ್ಗೆಗೆ ಉಳಿದದ್ದು ಒಂದೇ ದೃಶ್ಯ: ಮಗು ಒಳಗಿನಿಂದ ಬಾಗಿಲು ಬಡಿಯುವುದು.

ಸದ್ದು ಮಾಡುವ ಕೋಣೆಯಲ್ಲಿ ನಾನೊಬ್ಬಳೇ ಇರುತ್ತೇನೆ. ಮರಳಿನ ಗುಂಡಿ, ಮೂರು ನಮೂನೆಯ ನೆಲ, ಕಾರಿನ ಒಂಟಿ ಬಾಗಿಲು, ಚೌಕಟ್ಟಿನ ಸಮೇತ ನಿಲ್ಲಿಸಿದ ಮರದ ಬಾಗಿಲು. ಗಾಜಿನ ಆಚೆ ರೆಕಾರ್ಡಿಂಗ್ ಮಾಡುವವನು, ದಿನವಿಡೀ ಗುಂಡಿ ಒತ್ತುವುದರಿಂದ ನಾವೆಲ್ಲ ಗುಂಡಿ ಅಂತಲೇ ಕರೆಯುತ್ತೇವೆ. ಅವನ ಪಕ್ಕ ತಮ್ಮ, ಹಿಂದೆ ಕಥೆಗಾರ್ತಿ. ಅವರು ಮಾತಾಡಿದರೆ ನನಗೆ ಸ್ಪೀಕರಿನಲ್ಲಿ ಕೇಳಿಸುತ್ತದೆ. ಮೈಕ್ ಆನ್ ಇದ್ದರೆ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತದೆ. ದೀಪ ಇದ್ದಾಗ ಯಾರಾದರೂ ಕೆಮ್ಮಿದರೂ ನಾನು ಜನ್ಮ ಜಾಲಾಡಿಬಿಡುತ್ತೇನೆ.

ದೀಪ ಹತ್ತಿತು. ತೆರೆಯ ಮೇಲೆ ಮಗುವಿನ ಪುಟ್ಟ ಕೈ. ನಾನು ಬಡಿದೆ. ಹೇಗೆ ಅಂತ ಯೋಚಿಸಬೇಕಾಗಲಿಲ್ಲ. ಅಂಗೈ ಬಿಚ್ಚಿ, ಮರಕ್ಕೆ ಎದೆ ತಾಗುವಷ್ಟು ಹತ್ತಿರ ನಿಂತು, ಉಸಿರಿನ ಸದ್ದನ್ನೂ ಸೇರಿಸಿ. ಒಳಗಿರುವವರಿಗೆ ಹಾಗೇ ಕೇಳಿಸುವುದು. ಬಾಗಿಲಿಗಿಂತ ಜಾಸ್ತಿ ತಮ್ಮದೇ ಕೈ ಕೇಳಿಸುತ್ತದೆ.

ಸ್ಪೀಕರ್ ನನ್ನ ತಮ್ಮನ ದನಿಯಲ್ಲಿ ಗಂಟಲು ಸರಿಮಾಡಿಕೊಂಡಿತು. "ಅಕ್ಕ, ಇದು ಯಾಕೋ ನಿಜ ಅನ್ನಿಸ್ತಿಲ್ಲ."

"ಹೌದಾ? ಕ್ಷಮಿಸಪ್ಪ," ಅಂದೆ. ಮತ್ತೆ ಬಡಿದೆ.

"ನಟನೆ ಮಾಡ್ದಂಗಿದೆ."

ಮೂರನೇ ಸಲ ಬಡಿದೆ. ಅಂಗೈ ಕೆಂಪಾಯಿತು.

"ಅಕ್ಕ, ಬೇಜಾರು ಮಾಡ್ಕೋಬೇಡ. ಅನುಭವಿಸದೇ ಇರೋರಿಗೆ ಇದು ಕಷ್ಟ, ನನಗೆ ಗೊತ್ತು."

ಮೈಯೆಲ್ಲ ಉರಿದುಹೋಯಿತು. ನನ್ನ ಬಾಗಿಲು ನಾನು ಬಡಿದರೆ, ಅದು ನಿಜವಲ್ಲ ಅಂತ ಇವನು ಅಂಕ ಕೊಡುತ್ತಿದ್ದಾನೆ! "ಹೌದು ಮಹಾರಾಯ, ನೀನು ಅನುಭವಸ್ಥ. ಹೇಳಿಕೊಡು, ಹೇಗೆ ಬಡೀಬೇಕು?" ಅಂದೆ.

"ಇಷ್ಟು ಹತ್ತಿರದಿಂದ ಅಲ್ಲ. ಮಂದವಾಗಿರಬೇಕು, ದಪ್ಪ. ಮೇಲ್ಗಡೆ ಚಿಲಕ ಗಿಲಿಗಿಲಿ ಅಂತ ಅಲುಗಾಡೋದು ಕೇಳಿಸ್ಬೇಕು."

ಗುಂಡಿ ತಲೆ ಕೆರೆದುಕೊಂಡು ಸ್ಪೀಕರಿನಲ್ಲಿ ಬಾಯಿ ಹಾಕಿದ. "ಸರ್, ಅದು ಬಾಗಿಲ ಆಚೆ ನಿಂತೋರಿಗೆ ಕೇಳ್ಸೋ ಸೌಂಡು. ಚಿಲಕ ಹೊರಗಡೆ ಇದೆ. ಹುಡುಗ ಒಳಗಿದ್ದಾನೆ, ಕ್ಯಾಮರಾನೂ ಒಳಗಿದೆ."

"ಇರಬಹುದು. ಆದರೆ ಅದು ಇದ್ದಿದ್ದೇ ಹಾಗೆ," ಅಂದವನೇ ತಮ್ಮ ಎದ್ದು ನನ್ನ ಕೋಣೆಗೇ ಬಂದ.

ನಿರ್ದೇಶಕರಿಗೆ ಹೀಗೆ ಆಗಾಗ ಹುಮ್ಮಸ್ಸು ಬರುತ್ತದೆ, ಅಭ್ಯಾಸವಿದೆ. ಅವನು ಬಾಗಿಲ ಮುಂದೆ ಮಂಡಿಯೂರಿ ಕೂತು ಕೈಯಾಡಿಸಿ ತೋರಿಸತೊಡಗಿದ. ಕಣ್ಣು ಅರ್ಧ ಮುಚ್ಚಿಕೊಂಡಿದ್ದ.

"ಮೊದಲು ಇಲ್ಲಿ ಮೇಲೆ, ಜೋರಾಗಿ. ಆಮೇಲೆ ಬಡಿತ ಕೆಳಗಿಳೀತಾ ಬರುತ್ತೆ, ನಿಂತೋರು ಕೂತ್ಕೊಂಡ ಹಾಗೆ. ಆಮೇಲೆ ನಿಂತುಹೋಗುತ್ತೆ. ತುಂಬ ಹೊತ್ತು ಏನೂ ಇರಲ್ಲ. ಆಮೇಲೆ ಉಗುರು. ಇಲ್ಲಿ, ಕೆಳಗಿನ ಸಂದೀಲಿ, ಕರಕರ ಅಂತ. ನಾನು ಇಲಿ ಅಂದ್ಕೊಂಡಿದ್ದೆ."

ಆ ದಿನ ಬಡಿದು ಸಾಕಾಗಿ ನಾನು ಕುಸಿದು ಕೂತದ್ದು, ಬಾಗಿಲ ಕೆಳಗಿನ ಬೆಳಕಿನ ಗೆರೆಯಲ್ಲಿ ಉಗುರಿನಿಂದ ಕೆರೆದದ್ದು ನಾನು ಯಾರಿಗೂ ಹೇಳಿಲ್ಲ. ಅಮ್ಮನಿಗೂ ಹೇಳಿಲ್ಲ.

"ಇಲಿ ಅಂದ್ಕೊಂಡಿದ್ದು ಯಾರೋ?" ಅಂದೆ.

"ನಾನು."

"ಕೆರೆದಿದ್ದು ಯಾರು?"

ಅವನು ಸಂದಿಯಲ್ಲಿಟ್ಟಿದ್ದ ತನ್ನ ಉಗುರನ್ನೇ ನೋಡಿಕೊಂಡ.

"ಒಳಗೆ ಕೂತು ಕೆರೆಯೋನಿಗೆ ತನ್ನ ಉಗುರು ಇಲಿ ಥರ ಕೇಳಿಸಲ್ಲ ಕಣೋ ಮರಿ. ನೀನು ಎಲ್ಲಿದ್ದೆ?"

ಮರಿ ಅಂತ ಅವನನ್ನು ಕರೆದು ಎಷ್ಟು ವರ್ಷವಾಗಿತ್ತೋ. ಅವನು ಎದುರಿಗಿದ್ದ ಬಾಗಿಲನ್ನು ಮುಟ್ಟಿ ನೋಡಿದ. ಆ ಮುಖ ನೋಡಿದ ಮೇಲೆ ನನಗೊಂದು ವಿಷಯ ಖಚಿತವಾಯಿತು: ಇವನು ಇಷ್ಟು ದಿನ ಸುಳ್ಳು ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಿಧಾನಕ್ಕೆ ಬಾಗಿಲು ದಾಟಿ ಒಳಗೆ ಹೋಗಿ ಕೂತುಬಿಟ್ಟಿದ್ದ, ಅಷ್ಟೇ. ಒಳಗಿದ್ದವರನ್ನು ಜನ ಪಾಪ ಅನ್ನುತ್ತಾರೆ. ಹೊರಗಿದ್ದವರನ್ನು ಏನನ್ನುತ್ತಾರೆ?

"ನಾನು ನಿನ್ನ ಕರೆದೆ," ಅಂದೆ. "ಮರಿ, ಇದ್ದೀಯಾ ಅಂತ ಎಷ್ಟೋ ಸಲ ಕರೆದೆ. ನೀನು ಓಗೊಡಲಿಲ್ಲ. ಆಟ ಆಡೋಕೆ ಹೋಗಿದ್ದೀಯ ಅಂದ್ಕೊಂಡೆ."

"ಹೋಗಿರಲಿಲ್ಲ."

"ಚಿಲಕ ನಿನಗೆ ಎಟುಕ್ತಿರಲಿಲ್ಲ." ನೋಡಿ, ಅಷ್ಟು ಸಿಟ್ಟಿನಲ್ಲೂ ಅವನಿಗೊಂದು ದಾರಿ ಮಾಡಿಕೊಟ್ಟವಳು ನಾನೇ. ದೊಡ್ಡವಳಲ್ಲವೇ, ಸುಧಾರಿಸಿಕೊಳ್ಳಬೇಕು.

ಅವನು ತಲೆಯಾಡಿಸಿದ. "ಎಟುಕ್ತಿತ್ತು ಅಕ್ಕ. ಅಡುಗೆಮನೆ ಸ್ಟೂಲ್ ಎಳ್ಕೊಂಡು ಬಂದಿದ್ದೆ. ಹತ್ತಿ ಚಿಲಕದ ಮೇಲೆ ಕೈ ಇಟ್ಟಿದ್ದೆ. ತೆಗೆದರೆ ನಿನ್ನನ್ನೂ ಒಳಗೆ ಕೂರಿಸ್ತೀನಿ ಅಂತ ಅಪ್ಪ ನನಗೆ ಹೇಳಿಹೋಗಿದ್ರು." ಅವನ ದನಿ ಸಣ್ಣದಾಯಿತು. "ನೀನು ಕರೆದಾಗೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆ, ನಾನಿರೋದು ನಿನಗೆ ಗೊತ್ತಾಗಬಾರದು ಅಂತ. ಅಮ್ಮ ಗೇಟು ತೆಗೆದ ಸದ್ದು ಕೇಳಿದ ತಕ್ಷಣ ಸ್ಟೂಲ್ ತಗೊಂಡು ಹೋಗಿ ಅಡುಗೆಮನೇಲಿ ಇಟ್ಟೆ. ಅದು ನೀನು ಅಕ್ಕ. ಒಳಗಿದ್ದಿದ್ದು ನೀನು."

ಬೇಕಾಗಿದ್ದ ಮಾತು ಸಿಕ್ಕಿತು. ಸಿಕ್ಕರೆ ಹಾಲು ಕುಡಿದಷ್ಟು ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಕೋಪ ಬಂತು, ಅದೂ ಎಂಥದ್ದು, ಕಣ್ಣು ಕತ್ತಲೆ ಬರುವಂಥದ್ದು. ನಾನು ಅಪ್ಪನನ್ನು ದ್ವೇಷಿಸಿಕೊಂಡು ಬದುಕಿದ್ದೆ. ಅದು ಸುಲಭವಿತ್ತು, ಅಪ್ಪ ದೊಡ್ಡವನು. ಮೂರು ಬೆರಳು ದಪ್ಪದ ಹಲಗೆಯ ಆಚೆ ನನ್ನ ತಮ್ಮ ಉಸಿರು ಕಟ್ಟಿಕೊಂಡು ಕೂತಿದ್ದ ಅನ್ನುವುದನ್ನು ಎಲ್ಲಿಡಲಿ? ಅವನ ಬೆನ್ನಿಗೆ ಒಂದು ಗುದ್ದಿದೆ. ಇನ್ನೊಂದು ಗುದ್ದಿದೆ. "ಒಂದು 'ಹೂಂ' ಅನ್ನೋಕೇನಾಗಿತ್ತೋ ನಿನಗೆ?" ಅಂತ ಕಿರುಚಿದೆ. "ಚಿಲಕ ತೆಗೆಯೋದು ಬೇಡ, ಹಾಳಾಗಿ ಹೋಗಲಿ! ಒಂದೇ ಒಂದು 'ಹೂಂ'!"

ಅವನು ತಪ್ಪಿಸಿಕೊಳ್ಳಲಿಲ್ಲ, ಅಳುತ್ತಾ ಹೊಡೆಸಿಕೊಂಡ. ಚಿತ್ರದ ಹುಡುಗ ಲಿಫ್ಟಿನಲ್ಲಿ ಅಳುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಮೂಗು ಸೋರುತ್ತಿತ್ತು, ಬಾಯಿ ಸೊಟ್ಟಗಾಗಿತ್ತು. ಹೀಗೆ ಅಳುವವನಿಗೆ ಯಾವ ನಿರ್ದೇಶಕನೂ ಪಾತ್ರ ಕೊಡುವುದಿಲ್ಲ.

ಆಗ ಸ್ಪೀಕರ್ ಮೆಲ್ಲಗೆ ಕೆಮ್ಮಿತು.

"ಮೇಡಂ," ಅಂದ ಗುಂಡಿ, "ಮೈಕ್ ಆನ್ ಇತ್ತು. ಎಲ್ಲ ರೆಕಾರ್ಡ್ ಆಗಿದೆ. ಡಿಲೀಟ್ ಮಾಡ್ಲಾ?"

ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಹನ್ನೊಂದು ವರ್ಷ ಊರವರಿಗೆಲ್ಲ ಮೈಕಿನ ಮುಂದೆ ಬಾಯಿ ಮುಚ್ಚಿ ಅಂತ ಪಾಠ ಹೇಳಿದವಳು, ನಮ್ಮ ಮನೆಯ ಪುರಾಣವನ್ನೆಲ್ಲ ದೇಶದಲ್ಲೇ ಒಳ್ಳೆಯ ಮೈಕಿಗೆ ಒಪ್ಪಿಸಿದ್ದೆ. ಗಾಜಿನ ಆಚೆ ಗುಂಡಿ ಚಾವಣಿ ನೋಡುತ್ತಿದ್ದ. ಕಥೆಗಾರ್ತಿಯ ಕುರ್ಚಿ ಖಾಲಿಯಿತ್ತು.

ಹೋದಳು, ಅಂದುಕೊಂಡೆ. ಇವನ ಪ್ರೀತಿಯೂ ಮುಗಿಯಿತು, ನನ್ನ ಕೈಯಿಂದಲೇ. ಅಷ್ಟರಲ್ಲಿ ಅವಳು ಒಳಗೆ ಬಂದಳು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದಳು, ನೋಟ್‌ಬುಕ್ ಇರಲಿಲ್ಲ.

"ಎರಡನೇ ಸಲ ಸಿಕ್ಕಾಗ ನನ್ನ ಹೆಗಲ ಮೇಲೆ ಅತ್ತೆಯಲ್ಲ, ಅದು ಯಾಕೆ ಅತ್ತಿದ್ದು?" ಅಂತ ಅವನನ್ನು ಕೇಳಿದಳು.

"ಗೊತ್ತಿಲ್ಲ," ಅಂದ. "ಅಳು ಮಾತ್ರ ನಿಜ ಕಣೇ."

"ಅದು ನನಗೂ ಗೊತ್ತಾಗ್ತಿದೆ. ಮಿಕ್ಕಿದ್ದನ್ನ ನೀನು ಗೊತ್ತು ಮಾಡ್ಕೋ. ಆ ದೃಶ್ಯನ ನಾನು ಮತ್ತೆ ಬರೀತೀನಿ, ಹುಡುಗನ್ನ ಹೊರಗೆ ಕೂರಿಸಿ. ಅಕ್ಕ ಒಪ್ಪಿದರೆ ಮಾತ್ರ. ನಮ್ಮಿಬ್ಬರ ವಿಷಯ ಆಮೇಲೆ ನೋಡೋಣ, ಈಗ ನನಗೆ ಸಿಟ್ಟು ಬಂದಿದೆ."

ಅವನು ಹೂಂ ಅಂದ. ಈಗ ಬಂತು ನೋಡಿ ಇವನ ಹೂಂ, ಅಂತ ನನ್ನ ಬಾಯಿಗೆ ಬಂದಿತ್ತು, ಆಡಲಿಲ್ಲ. ಯಾಕೆಂದರೆ ಅವಳು ಅವನನ್ನು ಬಿಟ್ಟು ನನ್ನ ಹತ್ತಿರ ಬಂದು, ಕೆಂಪಾಗಿದ್ದ ನನ್ನ ಅಂಗೈಯನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು.

"ಅಕ್ಕ, ನೀವು ಎಷ್ಟು ಹೊತ್ತು ಒಳಗಿದ್ರಿ?"

ಇಪ್ಪತ್ತೆರಡು ವರ್ಷದಲ್ಲಿ ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಎಲ್ಲದಕ್ಕೂ ನಾಲಿಗೆ ತುದಿಯಲ್ಲಿ ಒಂದು ಚುಚ್ಚುಮಾತು ಇಟ್ಟುಕೊಂಡಿರುವವಳು ನಾನು. ಒಂದೂ ಬರಲಿಲ್ಲ.

"ಸರಿಯಾಗಿ ಗೊತ್ತಿಲ್ಲಮ್ಮ," ಅಂದೆ. "ಒಳಗೆ ಕತ್ತಲೆ. ಮೂರು ಗಂಟೆಯೋ, ನಾಲ್ಕೋ."

"ನಾಲ್ಕೂವರೆ," ಅಂದ ನೆಲದ ಮೇಲೆ ಕೂತಿದ್ದ ನನ್ನ ತಮ್ಮ. "ಒಂದೂವರೆಯಿಂದ ಆರರವರೆಗೆ. ಎದುರು ಗೋಡೆಯಲ್ಲಿ ಗಡಿಯಾರ ಇತ್ತಲ್ಲ ಅಕ್ಕ, ನೋಡ್ತಾನೇ ಇದ್ದೆ."

ಗಡಿಯಾರ ನೋಡುವುದನ್ನು ಅವನಿಗೆ ಕಲಿಸಿದವಳು ನಾನೇ, ಅದೇ ತಿಂಗಳು, ಅದೇ ಸ್ಟೂಲಿನ ಮೇಲೆ ಅವನನ್ನು ನಿಲ್ಲಿಸಿಕೊಂಡು.